ಮನಿ ಇಲ್ಲದವರ ದಫ್ತರ

"ನಿನಗ ಮನಿ ಇಲ್ಲ ಅನ್ನೂದಕ್ಕ ಏನ್ ದಾಖಲೆ ಐತಿ?"

ಇದು ನಗೆಹನಿ ಅಲ್ಲ ಗೆಳೆಯರೆ. ಕುಡಚಿ, ರಾಯಬಾಗ, ಅಥಣಿ, ಚಿಕ್ಕೋಡಿ ಕಡೆ ಮನೆ ಕೇಳಿಕೊಂಡು ಹೋದ ಬಡವನ ಕಿವಿಗೆ ಬೀಳುವ ಪ್ರಶ್ನೆ. ಹೊಲ ಐತಿ ಅನ್ನುವವನು ಉತಾರ ತೋರಿಸುತ್ತಾನೆ. ಮನೆ ಐತಿ ಅನ್ನುವವನು ಮನೆಪಟ್ಟಿಯ ಪಾವತಿ ತೋರಿಸುತ್ತಾನೆ. ಏನೂ ಇಲ್ಲದವನು ಏನನ್ನು ತೋರಿಸಬೇಕು? ಬರಿಗೈ ತೋರಿಸಿದರೆ ಅದು ದಾಖಲೆ ಆಗುವುದಿಲ್ಲ. ಬರಿಗೈಗೆ ಸಿಕ್ಕಾ ಒತ್ತಿಸಿಕೊಂಡು ಬರಬೇಕು.

ಅಕ್ಷರ ಕಲಿತ ಮೊದಲ ತಲೆಮಾರಿನ ನಮ್ಮಂಥವರಿಗೆ ಒಂದು ಕೆಲಸ ಕಡ್ಡಾಯ. ಪದವಿ ಮುಗಿಸಿ ಊರಿಗೆ ಬಂದರೆ ಸಾಕು, ಕೇರಿಯ ಅರ್ಜಿಗಳೆಲ್ಲ ನಮ್ಮ ಮೊಣಕಾಲ ಮೇಲೆ. ಕವಿತೆ ಬರೆಯಲು ಹಿಡಿದ ಪೆನ್ನು "ಮಾನ್ಯರಲ್ಲಿ ವಿನಂತಿ" ಎಂದೇ ಸವೆಯುತ್ತದೆ. ಹಾಗೆ ಬರೆಯುತ್ತ ಬರೆಯುತ್ತ ಒಂದು ಮಾತು ನನಗೆ ಹೊಳೆಯಿತು. ಮನೆ ಇಲ್ಲದವರ ಬಗ್ಗೆ ಈ ದೇಶದಲ್ಲಿ ದಫ್ತರ ಇಲ್ಲ ಎನ್ನುವುದು ಸುಳ್ಳು. ನೂರೈವತ್ತು ವರ್ಷದಿಂದ ಇದೆ. ಆದರೆ ಆ ದಫ್ತರ ಎರಡು ಬಗೆಯದು. ಒಂದು, ನಮ್ಮನ್ನು ಕಾಯಲು ಸರಕಾರ ತಾನೇ ಬರೆದದ್ದು. ಇನ್ನೊಂದು, ನಮಗೆ ಕೊಡಬೇಕಾಗಿ ಬಂದಾಗ ನಮ್ಮ ಕೈಯಿಂದಲೇ ತರಿಸಿಕೊಳ್ಳುವುದು. ಮೊದಲನೆಯದರಲ್ಲಿ ಒಂದು ಹೆಸರೂ ತಪ್ಪುವುದಿಲ್ಲ. ಎರಡನೆಯದರಲ್ಲಿ ನಮ್ಮ ಹೆಸರು ಹತ್ತುವುದೇ ಇಲ್ಲ. ಈ ಎರಡರ ಚರಿತ್ರೆಯನ್ನು ಒಂದೇ ಕಡೆ ಇಟ್ಟು ನೋಡಬೇಕು.

1

ಮೊದಲು ಊರಿನ ದಫ್ತರ.

ನಮ್ಮ ಭಾಗ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆ. ನಡುನಡುವೆ ಸಂಸ್ಥಾನಗಳ ತುಂಡುಗಳು, ರಾಯಬಾಗ ಕೊಲ್ಹಾಪುರದವರದು. ಆಳುವವರು ಯಾರೇ ಇರಲಿ, ಊರಿನ ಲೆಕ್ಕ ಕುಲಕರ್ಣಿಯ ಕೈಯಲ್ಲಿತ್ತು. ಕೆಂಪು ರುಮಾಲಿನಲ್ಲಿ ಕಟ್ಟಿದ ಗಂಟಿನೊಳಗೆ ಹೊಲ ಯಾರದು, ಎಷ್ಟು ಎಕರೆ, ಎಷ್ಟು ಆಕಾರ ಎಲ್ಲ ಇತ್ತು. ಆ ಗಂಟು ಬಿಚ್ಚುವ ಹಕ್ಕು ಒಂದು ಮನೆತನಕ್ಕೆ, ಒಂದು ಜಾತಿಗೆ.

ಅದೇ ಊರಿನಲ್ಲಿ ಇನ್ನೊಂದು ದಫ್ತರವಿತ್ತು. ಅದಕ್ಕೆ ಕಾಗದ ಇರಲಿಲ್ಲ. ಅದು ಹೊಲೆಯನ, ಮಹಾರನ ನೆನಪು. ಊರಿನ ಗಡಿ ಎಲ್ಲಿ, ಯಾವ ಹೊಲದ ಬಾಂದು ಯಾವ ಕಲ್ಲಿಗೆ, ಹಳೆಯ ಹಳ್ಳ ಎಲ್ಲಿ ಹರಿಯುತ್ತಿತ್ತು ಎಂಬುದು ಅವನಿಗೆ ಬಾಯಿಪಾಠ. ಎರಡು ಊರಿಗೆ ಗಡಿಯ ತಂಟೆ ಬಂದರೆ ಅವನನ್ನೇ ಕರೆಯುತ್ತಿದ್ದರು. ಅವನು ನಡೆದದ್ದೇ ಗಡಿ, ಅವನು ನುಡಿದದ್ದೇ ಸಾಕ್ಷಿ. ಊರಿಗೆಲ್ಲ ಭೂಮಿಯ ಗುರುತು ಹೇಳುವವನಿಗೆ ತನ್ನ ಗುಡಿಸಲ ಕೆಳಗಿನ ಮಣ್ಣು ಮಾತ್ರ ತನ್ನದೆಂದು ಹೇಳಲು ಒಂದು ಚೀಟಿ ಇರಲಿಲ್ಲ. ಮೈಲಿ ಉದ್ದದ ಗಡಿಗೆ ಅವನ ಮಾತು ನಡೆಯಿತು; ಹತ್ತು ಮೊಳ ಜಾಗಕ್ಕೆ ನಡೆಯಲಿಲ್ಲ. ಈ ವಿಪರೀತವನ್ನು ನಮ್ಮ ಚರಿತ್ರೆಯ ಪುಸ್ತಕಗಳು ಬರೆದಿಲ್ಲ.

1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಈ ದುಡಿಮೆಯನ್ನು ಕಾನೂನು ಮಾಡಿ ಕೂರಿಸಿತು. ವತನದ ತುಂಡು ಹೊಲ, ಆಯದ ಕಾಳು. ಅದಕ್ಕೆ ಬದಲಾಗಿ ಹಗಲು ರಾತ್ರಿ ಸರಕಾರದ, ಊರಿನ ಚಾಕರಿ. 1928ರಲ್ಲಿ ಅಂಬೇಡಕರರು ಮುಂಬಯಿ ಕೌನ್ಸಿಲ್ಲಿನಲ್ಲಿ ಈ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದರು. ಅದಕ್ಕೆ ಮೂರು ವರ್ಷ ಮೊದಲು, 1925ರಲ್ಲಿ, ನಮ್ಮದೇ ನಿಪ್ಪಾಣಿಯಲ್ಲಿ ನಡೆದ ಬಹಿಷ್ಕೃತರ ಪ್ರಾಂತಿಕ ಪರಿಷತ್ತಿಗೆ ಅವರು ಬಂದಿದ್ದರು. ಮಸೂದೆ ಆಗ ಗೆಲ್ಲಲಿಲ್ಲ. ಕುಲಕರ್ಣಿಯ ವತನ ಹೋದದ್ದು 1950ರ ಕಾಯ್ದೆಯಿಂದ. ನಮ್ಮ ಭಾಗದ ಕೆಳಗಿನ ಚಾಕರರ ವತನ ಹೋದದ್ದು ಮೈಸೂರು ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದ ಮೇಲೆ. ಲೇಖಣಿ ಹಿಡಿದವನ ಲೆಕ್ಕ ಮೊದಲು ಚುಕ್ತಾ ಆಯಿತು. ಕೋಲು ಹಿಡಿದು ಓಡಿದವನದು ಹತ್ತು ವರ್ಷ ತಡವಾಯಿತು.

2

ಇನ್ನು ಸರಕಾರ ತಾನೇ ಕೂತು ಬರೆದ ದಫ್ತರ.

1871ರಲ್ಲಿ ಬ್ರಿಟಿಷ್ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿತು. ಮನೆ ಮಾರು ಇಲ್ಲದೆ ಊರಿಂದ ಊರಿಗೆ ಹೋಗುವ ಜನ ಹುಟ್ಟಿನಿಂದಲೇ ಕಳ್ಳರು ಎಂಬುದು ಅದರ ತಿಳುವಳಿಕೆ. ಉಪ್ಪು ಹೊತ್ತವರು, ಬುಟ್ಟಿ ಹೆಣೆದವರು, ಬೇಟೆಯಾಡಿದವರು, ಆಟ ಆಡಿಸಿದವರು ಎಲ್ಲ ಅದರ ಕಣ್ಣಿಗೆ ಒಂದೇ. 1911ರ ತಿದ್ದುಪಡಿಯಿಂದ ಅದು ಇಡೀ ದೇಶಕ್ಕೆ ಅನ್ವಯವಾಯಿತು. 1924ರಲ್ಲಿ ಮತ್ತೆ ಒಟ್ಟುಗೂಡಿಸಿದರು.

ಆ ಕಾಯ್ದೆಯ ಹೃದಯ ಲಾಠಿ ಅಲ್ಲ, ರಿಜಿಸ್ಟರು. ಜಿಲ್ಲಾ ಮ್ಯಾಜಿಸ್ಟ್ರೇಟ್ ಒಂದು ನೋಂದಣಿ ಪುಸ್ತಕ ಇಡಬೇಕು. ಜಮಾತಿನ ಪ್ರತಿಯೊಬ್ಬ ಬಂದು ಹೆಸರು ಬರೆಸಬೇಕು. ಬೆರಳಚ್ಚು ಕೊಡಬೇಕು. ಎಲ್ಲಿ ಮಲಗುತ್ತೀ ಎಂದು ಹೇಳಬೇಕು. ಜಾಗ ಬದಲಿಸಿದರೆ ಹೇಳಬೇಕು, ಬದಲಿಸಬೇಕೆಂದು ಮನಸ್ಸು ಮಾಡಿದರೂ ಹೇಳಬೇಕು. ಗೊತ್ತು ಮಾಡಿದ ಹೊತ್ತಿಗೆ ಹಾಜರಿ ಕೊಡಬೇಕು. ಮಕ್ಕಳನ್ನು ತಂದೆತಾಯಿಯಿಂದ ಬಿಡಿಸಿ ಬೇರೆ ಇಡುವ ಅಧಿಕಾರವೂ ಅದರಲ್ಲಿತ್ತು. ಒಂದು ಮಾತು ಗಮನಿಸಿ. ಅಂದು ಯಾರೂ ಇವರಿಂದ ವಾಸದ ದೃಢೀಕರಣ ಪತ್ರ ಕೇಳಲಿಲ್ಲ. ಜನ್ಮದ ದಾಖಲೆ ಕೇಳಲಿಲ್ಲ. ಸಾಕ್ಷಿಗೆ ಇಬ್ಬರು ಪಂಚರನ್ನು ಕರೆತಾ ಎನ್ನಲಿಲ್ಲ. ಸರಕಾರವೇ ಬಿಡಾರಕ್ಕೆ ಬಂದು, ಕಣ್ಣಿನಿಂದ ಕಂಡು, ಬರೆದುಕೊಂಡು ಹೋಯಿತು.

ಆಮೇಲೆ 'ಸೆಟ್ಲಮೆಂಟು'ಗಳು. ವಿಜಾಪುರ, ಹುಬ್ಬಳ್ಳಿ, ಗದಗ-ಬೆಟಗೇರಿ, ಸೊಲ್ಲಾಪುರ, ನಮ್ಮ ಜಿಲ್ಲೆಯ ಗೋಕಾಕ. ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಆ ಓಣಿಯ ಹೆಸರು ಇಂದಿಗೂ ಸೆಟ್ಲಮೆಂಟ್ ಎಂದೇ ಇದೆ. ಅದು ಸರಕಾರದ ಹಣದಲ್ಲಿ ಮನೆ ಇಲ್ಲದವರಿಗೆ ಕೊಟ್ಟ ಮೊದಲ ಮನೆ ಅಂತಲೂ ಹೇಳಬಹುದು. ಆದರೆ ಸುತ್ತ ಬೇಲಿ, ಬಾಗಿಲಿಗೆ ಪಾಸು, ಹೊತ್ತಿಗೆ ಹಾಜರಿ. ಗಿರಣಿಗೆ ಅಗ್ಗದ ಆಳು ಬೇಕಿತ್ತು. ಗೋಕಾಕದ ಗಿರಣಿಗೂ ಆ ಕೈಗಳು ಹೋದವು. ಮನೆ ಕೊಟ್ಟು ಮನುಷ್ಯನನ್ನು ಕಸಿದುಕೊಂಡರು.

ಈ ವ್ಯವಸ್ಥೆಯನ್ನು ಮುಂಬಯಿ ಪ್ರಾಂತದಲ್ಲಿ ಬೆಳೆಸಿದ ಅಧಿಕಾರಿ ಒ.ಎಚ್.ಬಿ. ಸ್ಟಾರ್ಟ್. ವಿಜಾಪುರದಲ್ಲೇ ಆತನ ಪ್ರಯೋಗ ಶುರುವಾದದ್ದು. 1928ರಲ್ಲಿ ಅಸ್ಪೃಶ್ಯರ ಮತ್ತು ಗುಡ್ಡಗಾಡು ಜನರ ಸ್ಥಿತಿ ನೋಡಲು ಪ್ರಾಂತ ಸರಕಾರ ಸಮಿತಿ ನೇಮಿಸಿದಾಗ ಅಧ್ಯಕ್ಷನಾದವನೂ ಇವನೇ. ಅದರ ಸದಸ್ಯರಲ್ಲಿ ಅಂಬೇಡಕರರೂ, ಠಕ್ಕರ್ ಬಾಪಾ ಅವರೂ ಇದ್ದರು. 1930ರಲ್ಲಿ ವರದಿ ಬಂತು. ಕಾವಲಿನ ಪುಸ್ತಕ ಬರೆದವನ ಎದುರೇ ಕೂತು ಹಕ್ಕಿನ ಪುಸ್ತಕ ಬರೆಸುವ ಕೆಲಸ ಅಂಬೇಡಕರರದಾಯಿತು. ಒಂದೇ ಸರಕಾರ, ಒಂದೇ ಶಾಯಿ. ಬರೆಯುವ ಉದ್ದೇಶ ಬದಲಾಗಬೇಕಾಗಿತ್ತು.

1952ರ ಆಗಸ್ಟ್ 31ರಂದು ಆ ಕಾಯ್ದೆ ದೇಶದಾದ್ಯಂತ ರದ್ದಾಯಿತು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ. ಪುಸ್ತಕ ಮುಚ್ಚಿದರು, ಬೇಲಿ ಕಿತ್ತರು, ಹೋಗ್ರಿ ಅಂದರು. ಎಲ್ಲಿಗೆ? ಬೆರಳಚ್ಚು ತೆಗೆದುಕೊಂಡವರು ಆ ಕೈಗೆ ಮನೆಯ ಹಕ್ಕುಪತ್ರ ಕೊಡುವುದನ್ನು ಮರೆತರು. ಬದಲಿಗೆ ರೂಢಿಗತ ಅಪರಾಧಿಗಳ ಕಾಯ್ದೆ ಬಂತು. ನಮ್ಮ ರಾಜ್ಯದಲ್ಲಿ 1961ರಲ್ಲಿ. 2008ರಲ್ಲಿ ಅಲೆಮಾರಿ ಸಮುದಾಯಗಳ ಬಗ್ಗೆ ವರದಿ ಕೊಟ್ಟ ರೇಣಕೆ ಆಯೋಗ ರೇಶನ್ ಕಾರ್ಡು, ಜಾತಿ ಪ್ರಮಾಣಪತ್ರ, ನಿವೇಶನ ಇಲ್ಲದ ಇದೇ ಜನರ ಕತೆಯನ್ನು ಮತ್ತೆ ಹೇಳಬೇಕಾಯಿತು. ಎಂಬತ್ತು ವರ್ಷ ಇವರ ಹೆಸರು ಬರೆದ ಸರಕಾರಕ್ಕೆ ಈಗ ಇವರು ಯಾರೆಂದು ಗೊತ್ತಿಲ್ಲ!

3

ಕೊಡುವ ಕಾಲ ಬಂತು. ಬಂದದ್ದು ಸುಳ್ಳಲ್ಲ, ಅದನ್ನೂ ಹೇಳಬೇಕು.

ದೇವರಾಜ ಅರಸರ ಕಾಲದಲ್ಲಿ, 1970ರ ದಶಕದಲ್ಲಿ, ನಿವೇಶನ ಇಲ್ಲದವರಿಗೆ ನಿವೇಶನ, ಜನತಾ ಮನೆ ಎಂಬ ಮಾತು ಕೇರಿಗೆ ಬಂತು. 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣೆ ಕಾಯ್ದೆಯಲ್ಲಿ 38ನೇ ಕಲಮು ಇದೆ. ಪರರ ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕೂಲಿಕಾರ ಆ ಗುಡಿಸಲ ಜಾಗಕ್ಕೆ ಒಡೆಯನಾಗಬಹುದು ಎನ್ನುತ್ತದೆ ಅದು. ಉಳುವವನೇ ಒಡೆಯ ಎಂಬ ಮಾತು ಎಲ್ಲರ ನೆನಪಿನಲ್ಲಿದೆ. ಇರುವವನೇ ಒಡೆಯ ಎಂಬ ಈ ಕಲಮಿನ ನೆನಪು ಎಷ್ಟು ಜನರಿಗಿದೆ? 1985ರಲ್ಲಿ ಕೇಂದ್ರದ ಇಂದಿರಾ ಆವಾಸ್, 1991-92ರಲ್ಲಿ ರಾಜ್ಯದ ಆಶ್ರಯ, 2000ದಲ್ಲಿ ರಾಜೀವ ಗಾಂಧಿ ಗ್ರಾಮೀಣ ವಸತಿ ನಿಗಮ, ಆಮೇಲೆ ಬಸವ ವಸತಿ, ಅಂಬೇಡಕರ ನಿವಾಸ. ತಾಂಡಾ, ಹಟ್ಟಿಗಳ ಜನರಿಗೆ ಅವರಿರುವ ಜಾಗವನ್ನೇ ಅವರ ಹೆಸರಿಗೆ ಮಾಡಲು ಭೂಸುಧಾರಣೆ ಕಾಯ್ದೆಗೆ 38ಎ ಕಲಮು ಸೇರಿತು. 2023ರ ಜನವರಿಯಲ್ಲಿ ಕಲಬುರ್ಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರದಷ್ಟು ಹಕ್ಕುಪತ್ರಗಳನ್ನು ಹಂಚಿದ ಸಮಾರಂಭ ಎಲ್ಲರೂ ನೋಡಿದ್ದಾರೆ.

ಆದರೆ ಪ್ರತಿ ಯೋಜನೆಯೂ ತನ್ನ ಹಿಂದೆ ಒಂದು ಕಾಗದದ ಬಾಲ ಕಟ್ಟಿಕೊಂಡು ಬಂತು. 2016ರಲ್ಲಿ ಇಂದಿರಾ ಆವಾಸ್ ಹೋಗಿ ಪ್ರಧಾನಮಂತ್ರಿ ಆವಾಸ್ ಬಂದಾಗ ಫಲಾನುಭವಿಯ ಹೆಸರು ಸಾಮಾಜಿಕ ಆರ್ಥಿಕ ಜಾತಿ ಗಣತಿಯಲ್ಲಿ, ಅಂದರೆ 2011ರ ಪಟ್ಟಿಯಲ್ಲಿ ಇರಬೇಕು ಎಂದರು. ಆ ಪಟ್ಟಿಯ ನಿಯಮದಲ್ಲಿ ಒಂದು ಒಳ್ಳೆಯ ಮಾತಿತ್ತು. ಸೂರಿಲ್ಲದವರು, ಭಿಕ್ಷೆಯಿಂದ ಬದುಕುವವರು, ಮಲ ಹೊರುವವರು, ಆದಿಮ ಬುಡಕಟ್ಟಿನವರು, ಬಿಡುಗಡೆಯಾದ ಜೀತದವರು, ಈ ಐದು ಬಗೆಯವರು ಬೇರೆ ಯಾವ ಪರೀಕ್ಷೆಯೂ ಇಲ್ಲದೆ ತಾವಾಗಿ ಸೇರಬೇಕು. ಕಾಗದದ ಮೇಲೆ ಎಷ್ಟು ಚೆಂದ! ಆದರೆ ಗಣತಿಯವನು ಬಂದ ದಿನ ಆ ಸೂರಿಲ್ಲದವನು ಯಾವ ಊರಲ್ಲಿದ್ದ? ಮನೆ ಮನೆ ತಿರುಗುವ ಗಣತಿ ಮನೆ ಇಲ್ಲದವನನ್ನು ಯಾವ ಬಾಗಿಲಲ್ಲಿ ಕೂಗಬೇಕು?

ಹೆಸರು ಬಂತೆನ್ನಿ. ಮುಂದೆ ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು, ಉದ್ಯೋಗ ಖಾತರಿಯ ಕಾರ್ಡು, ಜಾತಿ ಆದಾಯ ಪತ್ರ. ಕಟ್ಟಲು ಜಾಗ ನಿನ್ನದೇ ಎಂಬ ದಾಖಲೆ. 2013ರಿಂದ ಇ-ಸ್ವತ್ತು ಬಂದ ಮೇಲೆ ಆ ಕಾಗದವೂ ಗಣಕಯಂತ್ರದಿಂದಲೇ ಹೊರಗೆ ಬರಬೇಕು. ಕೇರಿಯ ಮನೆಗಳು ಅಜ್ಜ ಮುತ್ತಜ್ಜನ ಕಾಲದ ಗಾಂವಠಾಣದಲ್ಲೋ, ಗಾಯರಾಣದಲ್ಲೋ ಇರುವವು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ ಗೋಡೆಗಳವು. ಅಡಿಪಾಯಕ್ಕೊಂದು ಫೋಟೋ, ಲಿಂಟಲಿಗೊಂದು, ಚಾವಣಿಗೊಂದು, ಮುಗಿದ ಮೇಲೊಂದು. ಫೋಟೋ ಉಪಗ್ರಹದ ಲೆಕ್ಕಕ್ಕೆ ಕೂಡಿದರೆ ಕಂತು. ಕಂತು ಬರುವ ತನಕ ಉಸುಕಿನವನಿಗೆ, ಸಿಮೆಂಟಿನವನಿಗೆ ಬಡ್ಡಿ. ಬಯಲು ಸೀಮೆಗೆ ಕೇಂದ್ರದ ಯೋಜನೆ ಗೊತ್ತುಮಾಡಿದ ಮೊತ್ತ 1 ಲಕ್ಷ 20 ಸಾವಿರ. ಸಾಲ ಮಾಡಿ ಅಡಿಪಾಯ ಹಾಕುವ ತಾಕತ್ತು ಇದ್ದವನಿಗೆ ಮಾತ್ರ ಮೊದಲ ಫೋಟೋ. ತಾಕತ್ತಿಲ್ಲದವನು ಕಡತದಲ್ಲಿ 'ಪ್ರಾರಂಭಿಸದ ಫಲಾನುಭವಿ'.

4

ಈಗ ಹೊಳೆಗೆ ಬರೋಣ. ಕುಡಚಿಯವರಿಗೆ ಹೊಳೆ ಅಂದರೆ ಕೃಷ್ಣೆ. ಆಚೆ ದಂಡೆಗೆ ಉಗಾರ, ಈಚೆಗೆ ನಾವು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜಡಿದು ಕೊಯ್ನೆಯ ಬಾಗಿಲು ತೆರೆದರೆ ನಮ್ಮ ಎದೆ ಡವಡವ. 2005ರಲ್ಲಿ ಬಂತು. 2019ರ ಆಗಸ್ಟಿನಲ್ಲಿ ಅದಕ್ಕಿಂತ ಘೋರವಾಗಿ ಬಂತು. 2021ರ ಜುಲೈನಲ್ಲಿ ಮತ್ತೆ ಬಂತು. ಹೊಳೆಗೆ ಜಾತಿ ಇಲ್ಲ ಎನ್ನುತ್ತಾರೆ. ಇರಲಿಕ್ಕಿಲ್ಲ. ಆದರೆ ದಂಡೆಯ ತಗ್ಗಿನಲ್ಲಿ ಯಾರ ಓಣಿ ಇದೆ, ದಿನ್ನೆಯ ಮೇಲೆ ಯಾರ ವಾಡೆ ಇದೆ ಎಂದು ನೋಡಿದರೆ ಹೊಳೆ ಯಾರ ಮನೆಗೆ ಮೊದಲು ಬರುತ್ತದೆಂದು ತಿಳಿಯುತ್ತದೆ.

ನೀರು ಇಳಿದ ಮೇಲೆ ಎರಡನೆಯ ಪ್ರವಾಹ: ಸಮೀಕ್ಷೆ. 2019ರಲ್ಲಿ ರಾಜ್ಯ ಸರಕಾರ ಮನೆಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿತು. ನೂರಕ್ಕೆ 75ಕ್ಕಿಂತ ಹೆಚ್ಚು ಬಿದ್ದರೆ ಎ. 25ರಿಂದ 75ರ ತನಕ ಬಿ. ಅದರ ಕೆಳಗೆ ಸಿ. ಎ ವರ್ಗಕ್ಕೆ ಕಂತುಗಳಲ್ಲಿ 5 ಲಕ್ಷ, ಸಿ ವರ್ಗಕ್ಕೆ 50 ಸಾವಿರ. ತಕ್ಷಣದ ಖರ್ಚಿಗೆ 10 ಸಾವಿರ. ಕೇಂದ್ರದ ವಿಪತ್ತು ನಿಧಿಯ ಆಗಿನ ದರ ಪೂರ್ತಿ ಬಿದ್ದ ಮನೆಗೆ 95,100 ರೂಪಾಯಿ. ಅದಕ್ಕೆ ಹೋಲಿಸಿದರೆ ರಾಜ್ಯದ 5 ಲಕ್ಷ ದೊಡ್ಡ ಮನಸ್ಸೇ ಸರಿ.

ಆದರೆ ಅದೇ ಕೇಂದ್ರದ ದರಪಟ್ಟಿಯಲ್ಲಿ ಇನ್ನೆರಡು ಸಾಲುಗಳಿದ್ದವು. ಅವನ್ನು ನಮ್ಮ ಹುಡುಗರು ಬಾಯಿಪಾಠ ಮಾಡಬೇಕು. ಒಂದು: ಬಿದ್ದ ಮನೆ ಅಧಿಕೃತ ಕಟ್ಟಡವೆಂದು ಸಕ್ಷಮ ಅಧಿಕಾರಿ ದೃಢೀಕರಿಸಬೇಕು. ಇನ್ನೊಂದು: ಗುಡಿಸಲಿಗೆ 4,100 ರೂಪಾಯಿ. ಗುಡಿಸಲು ಎಂದರೆ ಹುಲ್ಲು, ಮಣ್ಣು, ಪ್ಲಾಸ್ಟಿಕ್ ಹಾಳೆಯಿಂದ ಮಾಡಿದ, ಕಚ್ಚಾ ಮನೆಗಿಂತಲೂ ಕೀಳಾದ ತಾತ್ಪೂರ್ತಿಕ ಆಸರೆ ಎಂದು ಅದರ ವ್ಯಾಖ್ಯೆ. ನಾಲ್ಕು ತಲೆಮಾರು ಹುಟ್ಟಿ ಸತ್ತ ಜಾಗ 'ತಾತ್ಪೂರ್ತಿಕ'! ಮಣ್ಣಿನ ಗೋಡೆಗೆ ಇನ್ನೂ ಒಂದು ಶಾಪ ಇದೆ. ಕಲ್ಲಿನ ಗೋಡೆ ಬಿದ್ದರೆ ಕಲ್ಲು ಉಳಿದು ಸಾಕ್ಷಿ ನುಡಿಯುತ್ತದೆ. ಮಣ್ಣಿನ ಗೋಡೆ ನೀರಲ್ಲಿ ಕರಗಿ ಹೊಳೆಯ ಪಾಲಾಗುತ್ತದೆ. ಎಂಜಿನಿಯರ ಬರುವ ಹೊತ್ತಿಗೆ ಅಲ್ಲಿ ಗೋಡೆ ಇತ್ತು ಎಂದು ಹೇಳಲು ಗೋಡೆಯೇ ಇಲ್ಲ. ಟ್ರಂಕಿನಲ್ಲಿ ಇಟ್ಟಿದ್ದ ಕಾಗದವೂ ಮುದ್ದೆ.

ಮನೆ ಬಿದ್ದವನ ಹಣ ಮನೆಯ ಮಾಲಕನಿಗೆ ಹೋಗುತ್ತದೆ. ಬಾಡಿಗೆಗೆ ಇದ್ದವನಿಗೆ ಬೀದಿ. ಬೇರೆಯಾದ ತಮ್ಮನ ಹೆಸರು ಅಣ್ಣನ ರೇಶನ್ ಕಾರ್ಡಿನಲ್ಲಿದ್ದರೆ ಇಬ್ಬರಿಗೂ ಕೂಡಿ ಒಂದೇ ಮನೆ. ಗಂಡ ಸತ್ತ, ಹೆಸರು ಬದಲಾಗಿಲ್ಲ. ಸತ್ತವನ ಹೆಸರಿಗೆ ಖಾತೆ ತೆರೆಯಲು ಬರುವುದಿಲ್ಲ. ಇದ್ದವಳ ಹೆಸರು ಉತಾರದಲ್ಲಿಲ್ಲ. ಇಂಥ ಅರ್ಜಿಗಳನ್ನು ನಾನು ಬರೆದಿದ್ದೇನೆ. "ಯಪ್ಪಾ, ನಾ ಇಲ್ಲೇ ಇದ್ದೆ ಅಂತ ಹೊಳಿನ ಕೇಳ್ರಿ" ಎಂದಿದ್ದಳು ಒಬ್ಬ ಮುದುಕಿ. ಹೊಳೆಯ ರುಜು ಎಲ್ಲಿ ಹಾಕಿಸಲಿ?

5

ಹೊಳೆ ಬರುವುದು ಕೆಲವು ವರ್ಷಕ್ಕೊಮ್ಮೆ. ಮನೆ ಇಲ್ಲದವರು ನಮ್ಮ ಸೀಮೆಗೆ ಬರುವುದು ಪ್ರತಿ ವರ್ಷ.

ಉಗಾರದ ಸಕ್ಕರೆ ಕಾರಖಾನೆ 1939ರಲ್ಲಿ ಸ್ಥಾಪನೆಯಾದದ್ದು. ಆಮೇಲೆ ಅಥಣಿ, ರಾಯಬಾಗ, ಚಿಕ್ಕೋಡಿ ಸುತ್ತ ಚಿಮಣಿಗಳು ಸಾಲಾಗಿ ಎದ್ದವು. ದೀಪಾವಳಿ ಹೊತ್ತಿಗೆ ಬೀಡ ಕಡೆಯಿಂದ, ವಿಜಾಪುರ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಮುಕಾದಮನ ಹತ್ತಿರ ಉಚಲ ತೆಗೆದುಕೊಂಡ ಗಂಡಹೆಂಡತಿ, ಜೊತೆಗೆ ಕೂಸು. ಗಂಡಹೆಂಡತಿ ಇಬ್ಬರೂ ಕೂಡಿ ಲೆಕ್ಕದಲ್ಲಿ ಒಂದು 'ಕೋಯ್ತಾ'; ಮನುಷ್ಯರಲ್ಲ, ಕುಡಗೋಲು. ಕಬ್ಬಿನ ರವದಿಯ ಗುಡಿಸಲು ಹಾಕಿ ಐದಾರು ತಿಂಗಳು ಇರುತ್ತಾರೆ. ಅವರ ಹೆಸರು ಒಂದು ಪುಸ್ತಕದಲ್ಲಿ ತಪ್ಪದೆ ಇರುತ್ತದೆ. ಅದು ಮುಕಾದಮನ ಉಚಲದ ವಹಿ. ಸಾಲದ ವಹಿಯಲ್ಲಿ ಪೈಸೆಗೆ ಪೈಸೆ ಲೆಕ್ಕ. ಆಸರೆಯ ವಹಿಯಲ್ಲಿ ಶೂನ್ಯ.

ಜನಗಣತಿಯವರು ಮನೆ ಇಲ್ಲದವರನ್ನು ಒಂದೇ ರಾತ್ರಿ ಎಣಿಸುತ್ತಾರೆ. 2011ರಲ್ಲಿ ಅದು ಫೆಬ್ರುವರಿ 28ರ ರಾತ್ರಿ. ಫುಟ್‌ಪಾತು, ರೈಲು ನಿಲ್ದಾಣ, ಗುಡಿಯ ಮಂಟಪ, ಸೇತುವೆಯ ಕೆಳಗೆ ಬಯಲಲ್ಲಿ ಮಲಗಿದವರನ್ನು ಆ ರಾತ್ರಿ ಹುಡುಕಬೇಕು. ದೇಶದಲ್ಲಿ ಸಿಕ್ಕವರು 17 ಲಕ್ಷ 70 ಸಾವಿರದಷ್ಟು. ನಮ್ಮ ರಾಜ್ಯದಲ್ಲಿ 76 ಸಾವಿರಕ್ಕೂ ಹೆಚ್ಚು. ಫೆಬ್ರುವರಿ ಕೊನೆಯೆಂದರೆ ನಮ್ಮಲ್ಲಿ ಕಬ್ಬಿನ ಹಂಗಾಮು ಇನ್ನೂ ಮುಗಿಯದ ಹೊತ್ತು. ಆ ರಾತ್ರಿ ರವದಿಯ ಗುಡಿಸಲಲ್ಲಿ ಮಲಗಿದವರು ಎಣಿಕೆಗೆ ಮನೆ ಇದ್ದವರೋ, ಇಲ್ಲದವರೋ? ಮೂರು ಗಂಟೆಯ ನಸುಕಿಗೆ ಗಾಡಿ ತುಂಬಲು ಎದ್ದು ಹೋದವರ ಗುಡಿಸಲ ಮುಂದೆ ಯಾರು ಟಾರ್ಚು ಹಿಡಿದು ನಿಂತಿದ್ದರು? ಒಂದು ರಾತ್ರಿಯ ಎಣಿಕೆಯ ಮೇಲೆ ಹತ್ತಾರು ವರ್ಷದ ಯೋಜನೆ ನಿಲ್ಲಿಸುವವರು ಇದಕ್ಕೆ ಉತ್ತರ ಹೇಳಬೇಕು.

ಪಟ್ಟಣದ ವಸತಿಹೀನರಿಗಾಗಿ 2013ರಲ್ಲಿ ನಗರ ಜೀವನೋಪಾಯ ಅಭಿಯಾನದ ಅಡಿಯಲ್ಲಿ ಆಶ್ರಯ ಕೇಂದ್ರಗಳ ಯೋಜನೆ ಬಂದಿತ್ತು. ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ಕೇಂದ್ರ, ಒಬ್ಬರಿಗೆ 50 ಚದರಡಿ. ಗುರುತಿನ ಚೀಟಿ, ರೇಶನ್, ಪಿಂಚಣಿ ಇಲ್ಲದೆ ಬಂದವರಿಗೆ ಅವನ್ನು ಕೊಡಿಸಲು ಕೇಂದ್ರವೇ ನೆರವಾಗಬೇಕು ಎಂಬ ಮಾತೂ ಅದರಲ್ಲಿತ್ತು. ಕಾಗದ ಇದ್ದರೆ ಒಳಗೆ ಬಾ ಎನ್ನಲಿಲ್ಲ. ಒಳಗೆ ಬಂದವನಿಗೆ ಕಾಗದ ಮಾಡಿಸಿಕೊಡು ಎಂದಿತು. ಸರಿಯಾದ ದಾರಿ ಅದು. ಆದರೆ ಹಣ ಇದ್ದೂ ಕೇಂದ್ರಗಳು ಏಳಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ಸಮಿತಿ ಮಾಡಿ ವಿಚಾರಿಸಬೇಕಾಯಿತು. ಆ ಅಭಿಯಾನ 2024ರಲ್ಲಿ ಮುಗಿದೂ ಹೋಯಿತು. ಲಕ್ಷದ ಲೆಕ್ಕದಲ್ಲಿ ಕುಡಚಿಯಂಥ ಸಣ್ಣ ಊರುಗಳ ಪಾಲಿಗೆ ರೈಲು ನಿಲ್ದಾಣದ ಬೆಂಚು, ದರ್ಗಾದ ಕಟ್ಟೆಯೇ ಉಳಿದವು.

6

ಕಾವಲಿನ ದಫ್ತರವೂ ಪೂರ್ತಿ ಮುಚ್ಚಿಲ್ಲ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಬೀದಿಯಲ್ಲಿ ಕೈಯೊಡ್ಡಿದವನನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇಡುತ್ತದೆ. ಅದಕ್ಕೆ ಹಣ? ಊರವರು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಮೂರರ ಕರ. ಮನೆ ಇದ್ದವರೆಲ್ಲ ಮನೆ ಇಲ್ಲದವರಿಗಾಗಿ ಕಟ್ಟುವ ಹಣ ಅದು, ನೀವೂ ಕಟ್ಟಿದ್ದೀರಿ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಹೆಣಗಳು ಬೀಳತೊಡಗಿದವು. ಆ ವರ್ಷದ ಎಂಟು ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರೆಂದು ಹೊರಬಿತ್ತು. ಸಮಾಜ ಕಲ್ಯಾಣ ಖಾತೆ ಆಗಿನ ಸಚಿವರ ಕೈತಪ್ಪಿತು. ಸರಕಾರದ ಹಣದ ಸೂರಿನ ಕೆಳಗೆ, ಸರಕಾರದ ಹಾಜರಿ ಪುಸ್ತಕದೊಳಗೆ ಸತ್ತವರು ಅವರು. ಎಂಟು ತಿಂಗಳು ಆ ಪುಸ್ತಕವನ್ನು ಒಬ್ಬರೂ ತೆರೆದು ಓದಲಿಲ್ಲ ಎಂಬುದೇ ಅದರ ಅರ್ಥ. ಬರೆದಿಟ್ಟರೆ ಸಾಲದು. ಬರೆದದ್ದು ಬಯಲಿಗೆ ಬರಬೇಕು.

7

ಕಡಲಾಚೆಗೆ ಒಮ್ಮೆ ನೋಡೋಣ. ಅಮೆರಿಕದಲ್ಲೂ ಮನೆ ಇಲ್ಲದವರಿದ್ದಾರೆ; ಬಂಡವಾಳದ ರಾಜಧಾನಿಯಲ್ಲಿ ಇಲ್ಲದೆ ಇರುತ್ತಾರೆಯೆ? ಅಲ್ಲಿಯ ವಸತಿ ಇಲಾಖೆ 2011ರ ಡಿಸೆಂಬರಿನಲ್ಲಿ ನಿಯಮ ಪ್ರಕಟಿಸಿತು. ಸರಕಾರದ ಹಣ ಪಡೆದು ನೆರವು ಕೊಡುವ ಸಂಸ್ಥೆಗಳು ಯಾವ ದಾಖಲೆ ಇಡಬೇಕು ಎಂಬುದು ಅದರಲ್ಲಿದೆ. ಅಲ್ಲಿಯೂ ಪುರಾವೆ ಬೇಕು. ಆದರೆ ಪುರಾವೆಗೆ ಮೂರು ಮೆಟ್ಟಿಲು. ಮೊದಲು, ಮೂರನೆಯವರ ಕಾಗದ. ಅದು ಸಿಗದಿದ್ದರೆ, ನೆರವು ಕೊಡುವ ನೌಕರ ತಾನೇ ಕಣ್ಣಾರೆ ಕಂಡು ಬರೆದದ್ದು. ಅದೂ ಆಗದಿದ್ದರೆ, ಕೇಳಿ ಬಂದವನು ಬರೆದುಕೊಟ್ಟ ಸ್ವಂತ ಮಾತು. ಕಾಗದ ಇಲ್ಲ ಎಂಬ ಕಾರಣಕ್ಕೆ ಯಾರನ್ನೂ ತುರ್ತು ಆಸರೆಯ ಬಾಗಿಲಿಂದ ಆಚೆ ಕಳಿಸಬಾರದು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಗಂಡನ ಹೊಡೆತ ತಾಳದೆ ಓಡಿಬಂದ ಹೆಂಗಸಿನ ಬಾಯಿಮಾತೇ ಅಂಥ ಆಸರೆಗೆ ಸಾಕು. ಅವಳಿರುವ ಜಾಗ ಗುಟ್ಟಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು: ನೆರವು ನಿರಾಕರಿಸಿದರೆ ಯಾಕೆ ನಿರಾಕರಿಸಿದೆ ಎಂದು ಕಡತದಲ್ಲಿ ಕಾರಣ ಬರೆದಿಡಬೇಕು.

ಅಮೆರಿಕ ಸ್ವರ್ಗ ಎಂದು ಹೇಳುತ್ತಿಲ್ಲ. ಬಯಲಲ್ಲಿ ಮಲಗಿದವರಿಗೆ ಊರುಗಳು ದಂಡ ಹಾಕಬಹುದು ಎಂದು 2024ರ ಜೂನಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿತು. ಕರುಣೆಯ ಪುಸ್ತಕ, ಕಾವಲಿನ ಪುಸ್ತಕ ಅಲ್ಲಿಯೂ ಜೋಡಿಯಾಗಿಯೇ ಇವೆ. ಆದರೂ ಆ ಮೂರು ಮೆಟ್ಟಿಲಲ್ಲಿ ಒಂದು ನ್ಯಾಯ ಇದೆ. ದಾಖಲೆ ಇಡುವುದು ಹಣ ಹಂಚುವವನ ಹೊಣೆ, ಹಸಿದು ಬಂದವನ ಹೊಣೆಯಲ್ಲ. ನಮ್ಮಲ್ಲಿ ಇದು ತಿರುವು ಮುರುವು. ಹಂಚುವವನು ಕುರ್ಚಿಯಲ್ಲಿ, ಕಾಗದ ಹೊತ್ತವನು ಬಿಸಿಲಲ್ಲಿ.

ಹಾಗಾದರೆ ದಫ್ತರವನ್ನೆಲ್ಲ ಸುಟ್ಟುಬಿಡೋಣವೆ? ಸಿಟ್ಟಿನಲ್ಲಿ ಹಾಗನ್ನಿಸುತ್ತದೆ. ಬೇಡ. ದಾಖಲೆ ಇಲ್ಲದ ಕಡೆ ನುಂಗುವವರಿಗೆ ಹಬ್ಬ. ಬಿದ್ದವನ ಮನೆಗೆ ಸಿ, ಬೀಳದವನ ಮನೆಗೆ ಎ ಆದಾಗ ಅದನ್ನು ಹಿಡಿಯುವುದು ಪಟ್ಟಿ ಕೈಯಲ್ಲಿದ್ದಾಗ ಮಾತ್ರ. 1994ರಿಂದ ರಾಜಸ್ಥಾನದ ಹಳ್ಳಿಗಳಲ್ಲಿ ಮಜದೂರ್ ಕಿಸಾನ್ ಶಕ್ತಿ ಸಂಘಟನೆಯ ಕೂಲಿಕಾರರು ಮಸ್ಟರ್ ರೋಲನ್ನು ಜನರ ನಡುವೆ ಗಟ್ಟಿಯಾಗಿ ಓದಿಸಿದರು. ಸತ್ತವರು ಕೂಲಿ ಪಡೆದದ್ದು, ಕಟ್ಟದ ಕಟ್ಟಡ ಮುಗಿದದ್ದು ಎಲ್ಲ ಬಯಲಾಯಿತು. ಅಲ್ಲಿಂದ ಎದ್ದ ಕೂಗು 2005ರ ಮಾಹಿತಿ ಹಕ್ಕಿನ ಕಾಯ್ದೆಯ ತನಕ ಹೋಯಿತು. ಅವರು ಬೇಡ ಅಂದದ್ದು ಗುಟ್ಟನ್ನು, ದಫ್ತರವನ್ನಲ್ಲ.

8

ನಮ್ಮ ಕೇಳಿಕೆ ಇಷ್ಟು. ಕಾಗದ ಇಲ್ಲವೆಂದು ಯಾರ ಅರ್ಜಿಯನ್ನೂ ತಿರುಗಿಸಬಾರದು. ಕಾಗದ ಇಲ್ಲದ ಕಡೆ ಅಧಿಕಾರಿ ಜಾಗಕ್ಕೆ ಬರಲಿ, ನೋಡಲಿ, ಬರೆಯಲಿ. 1911ರಲ್ಲಿ ನಮ್ಮನ್ನು ಹಿಡಿಯಲು ಬಿಡಾರಕ್ಕೆ ಬರಲು ಆಗುತ್ತಿದ್ದರೆ ಇಂದು ಕೊಡಲು ಬರುವುದಕ್ಕೇನು ಅಡ್ಡಿ? ನೆರೆಯ ನಾಲ್ವರ ಮಾತು, ಶಾಲೆಯ ಹಾಜರಿ, ಅಂಗನವಾಡಿಯ ಪುಸ್ತಕ ಇವೂ ವಾಸದ ಪುರಾವೆ ಆಗಲಿ. ಇಲ್ಲ ಎನ್ನುವುದಾದರೆ ಕಾರಣವನ್ನು ಬರೆದು, ರುಜು ಹಾಕಿ ಕೊಡಲಿ. ಬಾಯಿಯಿಂದ 'ಇಲ್ಲ' ಅನ್ನುವುದು ಸುಲಭ. ಬರೆದು ಕೊಡುವಾಗ ಕೈ ನಡುಗುತ್ತದೆ. ಬರೆದು ಕೊಟ್ಟ 'ಇಲ್ಲ'ದ ಮೇಲೆ ಮೇಲ್ಮನವಿ ಮಾಡಬಹುದು. ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ಸಾಲದು, ಓದಲು ಬಾರದವರಿಗಾಗಿ ಗ್ರಾಮಸಭೆಯಲ್ಲಿ ಕೂಗಿ ಓದಲಿ.

ಕೇಳುವುದರ ಜೊತೆಗೆ ಮಾಡುವುದೂ ಇದೆ. ಹಳ್ಳಿಯ ಮಾಸ್ತರರೆ, ನಿಮ್ಮ ಶಾಲೆಯ ದಾಖಲಾತಿ ಪುಸ್ತಕ ನೀವಂದುಕೊಂಡದ್ದಕ್ಕಿಂತ ದೊಡ್ಡದು. ಕಬ್ಬಿನವರ ಕೂಸು ನಾಲ್ಕು ತಿಂಗಳು ಬಂದು ಕೂತರೂ ಹೆಸರು ಬರೆದುಕೊಳ್ಳಿರಿ. ಆ ಕುಟುಂಬ ಇಲ್ಲಿತ್ತು ಎನ್ನಲು ಮುಂದೆ ಅದೊಂದೇ ಸಾಕ್ಷಿ ಉಳಿದೀತು. ವಿದ್ಯಾರ್ಥಿ ಗೆಳೆಯರೆ, ನಿಮ್ಮ ಕಿಸೆಯ ಫೋನು ಬರೀ ಹಾಡು ಕೇಳಲಿಕ್ಕಲ್ಲ. ಮೇ ತಿಂಗಳಲ್ಲಿ, ಹೊಳೆ ತಗ್ಗಿನಲ್ಲಿರುವಾಗ, ದಂಡೆಯ ಪ್ರತಿ ಗುಡಿಸಲ ಮುಂದೆ ಅದರ ಜನರನ್ನು ನಿಲ್ಲಿಸಿ ಫೋಟೋ ತೆಗೆಯಿರಿ. ಹೆಸರು, ವಯಸ್ಸು, ಎಷ್ಟು ವರ್ಷದಿಂದ ಇದ್ದಾರೆ ಬರೆಯಿರಿ. ಹೆಂಗಸಿನ ಹೆಸರು ಮೊದಲು ಬರೆಯಿರಿ. ಮೂರು ಪ್ರತಿ ಮಾಡಿ ಒಂದನ್ನು ಪಂಚಾಯತಿಗೋ ಪುರಸಭೆಗೋ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿರಿ. ನೀರು ಬಂದ ಮೇಲೆ ಪುರಾವೆ ಹುಡುಕುವುದಲ್ಲ. ನೀರು ಬರುವ ಮೊದಲೇ ಪುರಾವೆ ಕಚೇರಿಯ ಮೇಜಿನ ಮೇಲೆ ಇರಬೇಕು.

ಗಡಿಯ ಕಲ್ಲು ತೋರಿಸಿದ ಅಜ್ಜನ ನೆನಪು ಅವನ ಜೊತೆಗೇ ಮಣ್ಣಾಯಿತು. ಅವನಿಗೆ ಅಕ್ಷರ ಇರಲಿಲ್ಲ. ನಮಗೆ ಇದೆ. ಇಷ್ಟು ದಿನ ಬೇರೆಯವರು ನಮ್ಮನ್ನು ಬರೆದರು, ಕಳ್ಳರೆಂದು, ತಿರುಕರೆಂದು, ಫಲಾನುಭವಿಗಳೆಂದು. ಇನ್ನು ಮೇಲೆ ನಮ್ಮ ಓಣಿಯ ದಫ್ತರವನ್ನು ನಾವು ಬರೆಯೋಣ. ಮೊದಲ ಹಾಳೆಯಲ್ಲಿ ಇಷ್ಟೇ ಸಾಕು: ಇಂಥವರು, ಇಂಥಲ್ಲಿ, ಇಷ್ಟು ವರ್ಷದಿಂದ ಇದ್ದಾರೆ. ಇದ್ದಾರೆ ಎಂಬ ಆ ಒಂದು ಮಾತಿನ ಮೇಲೆಯೇ ಉಳಿದ ಹಕ್ಕುಗಳೆಲ್ಲ ನಿಲ್ಲಬೇಕು.